ದನಿ ಒಡೆದು ಮೂರು ವಾರವಾದರೆ

ದನಿ ಒಡೆದಿದೆ ಎಂದು ರೋಗಿಯೊಬ್ಬ ಬಂದರೆ 1850ಕ್ಕೆ ಮುಂಚಿನ ಯುರೋಪಿನ ವೈದ್ಯ ಮಾಡಬಹುದಾಗಿದ್ದುದು ಇಷ್ಟೇ: ನಾಲಿಗೆ ಒತ್ತಿ ಕಂಡಷ್ಟನ್ನು ನೋಡುವುದು, ಕತ್ತು ಸವರಿ ನೋಡುವುದು, ಉಸಿರಿನ ಸದ್ದಿಗೆ ಕಿವಿಗೊಡುವುದು, ಔಷಧಿ ಕೊಟ್ಟು ಕಾಯುವುದು. ನಾಲಿಗೆಯ ಬುಡ ದಾಟಿದ ಮೇಲೆ ದಾರಿ ಕೆಳಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಬರೀ ಕತ್ತಲು. ಶೀತಕ್ಕೆ ಊದಿದ ಗಂಟಲು, ಕ್ಷಯ ತಿಂದ ಗಂಟಲು, ಸಿಫಿಲಿಸ್ ಹುಣ್ಣಾದ ಗಂಟಲು, ಕ್ಯಾನ್ಸರ್ ಬೆಳೆದ ಗಂಟಲು, ಎಲ್ಲದರಿಂದಲೂ ಹೊರಡುತ್ತಿದ್ದುದು ಅದೇ ಗೊಗ್ಗರು ದನಿ. ಫ್ರಾನ್ಸಿನ ತ್ರೂಸೋ ಮತ್ತು ಬೆಲಾಕ್ ಎಂಬ ವೈದ್ಯರು 1837ರಲ್ಲಿ ಇವೆಲ್ಲವನ್ನೂ ‘ಧ್ವನಿಪೆಟ್ಟಿಗೆಯ ಕ್ಷಯ’ ಎಂಬ ಒಂದೇ ಹೆಸರಿನಡಿ ತಂದು ದೊಡ್ಡ ಗ್ರಂಥ ಬರೆದರು. ಕ್ಯಾನ್ಸರ್ ಅದರೊಳಗಿನ ಒಂದು ಬಗೆ ಮಾತ್ರ. ಯಾವ ರೋಗಿಗೆ ಯಾವ ಬಗೆ ಎಂಬುದು ನಿಶ್ಚಯವಾಗುತ್ತಿದ್ದುದು ಹೆಚ್ಚಾಗಿ ಆತ ಸತ್ತು ಶವ ಕೊಯ್ದ ಮೇಲೆ.

ಈ ಕತ್ತಲೆಯೊಳಕ್ಕೆ ಬೆಳಕು ಬಿಟ್ಟವನು ಮನುಯೆಲ್ ಗಾರ್ಸಿಯಾ, ಹಾಡು ಕಲಿಸುವ ಮೇಷ್ಟ್ರು. 1805ರಲ್ಲಿ ಸ್ಪೇನಿನಲ್ಲಿ ಹುಟ್ಟಿದವನು. ಅಪ್ಪ ಹೆಸರಾಂತ ಗಾಯಕ. ತಂಗಿಯರಾದ ಮರಿಯಾ ಮಲಿಬ್ರಾನ್ ಮತ್ತು ಪೌಲೀನ್ ವಿಯಾರ್ದೋ ಯುರೋಪಿನ ಒಪೆರಾ ರಂಗದಲ್ಲಿ ಮೆರೆದವರು. ಈತನೂ ಇಪ್ಪತ್ತರ ಹರೆಯದಲ್ಲಿ ಅಪ್ಪನ ತಂಡದೊಂದಿಗೆ ನ್ಯೂಯಾರ್ಕಿಗೆ ಹೋಗಿ ಹಾಡಿದ. ಆದರೆ ಎಳೆಯ ಗಂಟಲಿಗೆ ಅತಿಯಾದ ದುಡಿಮೆ ಬಿದ್ದು ದನಿ ಕೆಟ್ಟಿತು. ರಂಗ ಬಿಟ್ಟ. ಕೆಲಕಾಲ ಫ್ರಾನ್ಸಿನ ಸೇನಾ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತ ಶರೀರರಚನೆಯನ್ನು ಕಲಿತ. ಕೋಳಿಯ, ಕುರಿಯ, ದನದ ಗಂಟಲುಗಳನ್ನು ಮನೆಗೆ ತಂದು ಗಾಳಿ ಊದಿ ದನಿ ಹೊರಡಿಸಿ ನೋಡುವುದು ಅವನ ಅಭ್ಯಾಸವಾಗಿತ್ತು. ತನ್ನ ದನಿ ಎಲ್ಲಿ, ಹೇಗೆ ಮುರಿಯಿತು ಎಂಬ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲವೆಂದು ನನಗೆ ಅನ್ನಿಸುತ್ತದೆ. ದನಿ ಕಳೆದುಕೊಂಡವನಿಗೇ ಅದರ ಮನೆ ನೋಡುವ ಹಂಬಲ ಅಷ್ಟು ತೀವ್ರವಾಗಿರಲು ಸಾಧ್ಯ.

1854ರ ಸೆಪ್ಟೆಂಬರಿನಲ್ಲಿ ರಜೆಗೆಂದು ಲಂಡನ್ನಿನಿಂದ ಪ್ಯಾರಿಸ್ಸಿಗೆ ಬಂದಿದ್ದ. ಪಲೇ ರಾಯಲ್ ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜಿನಿಂದ ಬಿಸಿಲು ಫಳಕ್ಕನೆ ಹೊಳೆಯಿತು. ಅದೇ ಗಳಿಗೆಯಲ್ಲಿ ಉಪಾಯವೂ ಹೊಳೆಯಿತು: ಒಂದು ಕನ್ನಡಿ ಗಂಟಲಿನೊಳಗೆ, ಒಂದು ಕೈಯಲ್ಲಿ. ನೇರವಾಗಿ ಶಸ್ತ್ರೋಪಕರಣ ಮಾಡುವ ಶಾರಿಯೇರ್ ಅಂಗಡಿಗೆ ನಡೆದ. ಅಲ್ಲಿ ಉದ್ದ ಹಿಡಿಯ ಪುಟ್ಟ ಹಲ್ಲುವೈದ್ಯರ ಕನ್ನಡಿಯೊಂದಿತ್ತು. 1851ರ ಲಂಡನ್ ಪ್ರದರ್ಶನಕ್ಕೆ ಹೋಗಿ ಯಾರಿಗೂ ಬೇಡವಾಗಿ ವಾಪಸು ಬಂದಿದ್ದ ಸರಕು. ಆರು ಫ್ರಾಂಕ್ ಕೊಟ್ಟು ಕೊಂಡುಕೊಂಡ. ಮನೆಗೆ ಬಂದು ಅದನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದ, ಉಸಿರಿನ ಹಬೆ ಕೂರದಿರಲೆಂದು. ಕಿರುನಾಲಿಗೆಗೆ ಆನಿಸಿ ಹಿಡಿದು, ಇನ್ನೊಂದು ಕೈಯ ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟ. ತನ್ನದೇ ಧ್ವನಿಪೆಟ್ಟಿಗೆ ತೆರೆದುಕೊಂಡು ಕಣ್ಣೆದುರು ನಿಂತಿತು. ಉಸಿರೆಳೆದಾಗ ಅಗಲವಾಗುವ, ಹಾಡಿದಾಗ ಒಂದಕ್ಕೊಂದು ಕೂಡಿ ನಡುಗುವ ಎರಡು ಬಿಳಿಯ ಅಂಚುಗಳು. ಅವೇ ಧ್ವನಿತಂತುಗಳು.

ಇದಕ್ಕೆ ಮುಂಚೆ ಪ್ರಯತ್ನವೇ ನಡೆದಿರಲಿಲ್ಲ ಎಂದಲ್ಲ. ಫ್ರಾಂಕ್‌ಫರ್ಟಿನ ಫಿಲಿಪ್ ಬೋಟ್ಸೀನಿ ಮೇಣದಬತ್ತಿಯ ಬೆಳಕನ್ನು ಕೊಳವೆಯಿಂದ ಒಳಗೆ ಕಳಿಸಲು ನೋಡಿದ್ದ. ಲಂಡನ್ನಿನ ಬೆಂಜಮಿನ್ ಬ್ಯಾಬಿಂಗ್ಟನ್ 1829ರಲ್ಲೇ ಕನ್ನಡಿ ಹಿಡಿದಿದ್ದ. ಅವು ಬೆಳೆಯಲಿಲ್ಲ, ನಾಲ್ವರ ಕೈಗೆ ಹೋಗಲಿಲ್ಲ. ಗಾರ್ಸಿಯಾ ಮಾತ್ರ ತಾನು ಕಂಡದ್ದನ್ನು ಬರೆದು 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ವೈದ್ಯಲೋಕ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಹಾಡಿನವರ ವಿಷಯವೆಂದು ಬಿಟ್ಟಿತು.

ಗಮನಿಸಿದ್ದು ವಿಯೆನ್ನಾ. 1857ರ ಬೇಸಿಗೆಯಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯ ಲುಡ್ವಿಗ್ ತ್ಯುರ್ಕ್ ತನ್ನ ರೋಗಿಗಳ ಗಂಟಲಿಗೆ ಇಂಥದೇ ಕನ್ನಡಿ ಹಿಡಿದ. ಚಳಿಗಾಲ ಬಂದು ಬಿಸಿಲು ಹೋದಾಗ ಕನ್ನಡಿಗಳನ್ನು ಎತ್ತಿಟ್ಟ. ಅವನ್ನು ಎರವಲು ಪಡೆದ ಯೋಹಾನ್ ಚೆರ್ಮಾಕ್ ಬಿಸಿಲಿನ ಬದಲು ದೀಪ ಬಳಸಿದ. ನಡುವೆ ತೂತಿರುವ ಬಾಗುಗನ್ನಡಿಯಿಂದ ದೀಪದ ಬೆಳಕನ್ನು ಗಂಟಲಿಗೆ ತಿರುಗಿಸಿ ಆ ತೂತಿನಿಂದಲೇ ನೋಡಿದ. ಇಂದಿಗೂ ಇಎನ್‌ಟಿ ಡಾಕ್ಟರ ಹಣೆಯ ಮೇಲೆ ಚಿತ್ರಗಳಲ್ಲಿ ಕಾಣುವ ದುಂಡು ಕನ್ನಡಿ ಅದೇ ವಂಶದ್ದು. ಯಾರು ಮೊದಲು ಎಂದು ತ್ಯುರ್ಕ್ ಮತ್ತು ಚೆರ್ಮಾಕ್ ವರ್ಷಗಟ್ಟಲೆ ಜಗಳವಾಡಿದರು. ಗಾರ್ಸಿಯಾ ಆ ಜಗಳಕ್ಕೆ ಹೋಗಲೇ ಇಲ್ಲ, ಪಾಠ ಹೇಳುತ್ತ ಉಳಿದ. 1905ರಲ್ಲಿ ಅವನ ನೂರನೇ ಹುಟ್ಟುಹಬ್ಬಕ್ಕೆ ಹಲವು ದೇಶಗಳ ಗಂಟಲು ವೈದ್ಯರು ಲಂಡನ್ನಿಗೆ ಬಂದು ಸನ್ಮಾನಿಸಿದರು. ಮರುವರ್ಷ ತೀರಿಕೊಂಡ.

ಕನ್ನಡಿ ಬಂದ ಮೇಲೆ ಗೊಗ್ಗರು ದನಿಯ ಅರ್ಥ ಬಿಡಿಸಿಕೊಂಡಿತು. ಮಾತಾಡುವಾಗ ಧ್ವನಿತಂತುಗಳು ಗಂಡಸಿನಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸಿನಲ್ಲಿ ಇನ್ನೂರರ ಆಸುಪಾಸು ಬಾರಿ ಕೂಡಿ ಬಿಡುತ್ತವೆ. ಅವುಗಳ ಅಂಚಿನಲ್ಲಿ ರಾಗಿಕಾಳಿನಷ್ಟು ಗಂಟು ಎದ್ದರೂ ಬಾಗಿಲ ಸಂದಿಗೆ ಕಲ್ಲು ಸಿಕ್ಕ ಹಾಗೆ ಎರಡೂ ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ. ಹಾಗಾಗಿ ಧ್ವನಿತಂತುವಿನ ಕ್ಯಾನ್ಸರ್ ತೀರಾ ಚಿಕ್ಕದಿರುವಾಗಲೇ ತನ್ನ ಇರವನ್ನು ಹೇಳಿಬಿಡುತ್ತದೆ. ಅಲ್ಲಿ ದುಗ್ಧರಸ ನಾಳಗಳೂ ಬಹಳ ಕಡಿಮೆ. ರೋಗ ಕತ್ತಿನ ಗ್ರಂಥಿಗಳಿಗೆ ಹರಡಲು ಸಮಯ ಹಿಡಿಯುತ್ತದೆ. ಈ ಹಂತದಲ್ಲಿ ಸಿಕ್ಕಿದರೆ ವಿಕಿರಣದಿಂದಲೋ ಲೇಸರಿನಿಂದಲೋ ನೂರರಲ್ಲಿ ಸುಮಾರು ತೊಂಬತ್ತು ಮಂದಿ ಗುಣವಾಗುತ್ತಾರೆ, ದನಿಯನ್ನೂ ಉಳಿಸಿಕೊಳ್ಳುತ್ತಾರೆ. ದೇಹದ ಒಳಗೆ ಹುಟ್ಟುವ ಕ್ಯಾನ್ಸರುಗಳಲ್ಲಿ ಇಷ್ಟು ಬೇಗ, ಇಷ್ಟು ಜೋರಾಗಿ ಎಚ್ಚರಿಸುವಂಥವು ಹೆಚ್ಚಿಲ್ಲ.

ತಂತುವಿನಿಂದ ಒಂದೆರಡು ಸೆಂಟಿಮೀಟರ್ ಆಚೆ ಸರಿದರೆ ಪರಿಸ್ಥಿತಿಯೇ ಬೇರೆ. ಧ್ವನಿಪೆಟ್ಟಿಗೆಯ ಮೇಲಂತಸ್ತು, ಅದರ ಅಕ್ಕಪಕ್ಕದ ಕುಳಿಗಳು, ನಾಲಿಗೆಯ ಬುಡ, ಟಾನ್ಸಿಲ್ ಇವುಗಳಲ್ಲಿ ಗಡ್ಡೆ ಬೆಳೆದರೆ ದನಿಗೆ ಬೇಗ ಏನೂ ಆಗುವುದಿಲ್ಲ. ನುಂಗುವಾಗ ಒಂದು ಬದಿ ಚುಚ್ಚಿದಂತಾಗುವುದು, ಏನೋ ಸಿಕ್ಕಿಕೊಂಡ ಹಾಗೆ ಇರುವುದು, ಕತ್ತಿನಲ್ಲಿ ನೋವಿಲ್ಲದ ಗಂಟು, ಇವೇ ಅಲ್ಲಿನ ಸೂಚನೆಗಳು. ಈ ವ್ಯತ್ಯಾಸವನ್ನು ಜಗತ್ತು ಮೂವರು ದೊಡ್ಡವರ ಗಂಟಲಿನಿಂದ ಕಲಿಯಿತು. ಮೂವರಿಗೂ ರೋಗ ಬಂದದ್ದು 1884ರಿಂದ 1888ರ ನಡುವಿನ ನಾಲ್ಕೇ ವರ್ಷಗಳಲ್ಲಿ, ಮೂರು ಖಂಡಗಳಲ್ಲಿ.

ಮೊದಲನೆಯವನು ಅಮೆರಿಕದ ಮಾಜಿ ಅಧ್ಯಕ್ಷ ಉಲಿಸಿಸ್ ಗ್ರಾಂಟ್. ಅಂತರ್ಯುದ್ಧದಲ್ಲಿ ಗೆದ್ದಾಗ ಜನ ಅಭಿಮಾನದಿಂದ ಕಳಿಸಿದ ಸಾವಿರಾರು ಚುಟ್ಟಾಗಳನ್ನು ಸೇದುತ್ತ ಸೇದುತ್ತ ಅದು ಬಿಡಲಾರದ ಚಟವಾಗಿತ್ತು. 1884ರ ಜೂನಿನಲ್ಲಿ ಊಟದ ಮೇಜಿನಲ್ಲಿ ಪೀಚ್ ಹಣ್ಣು ಕಚ್ಚಿ ನುಂಗುವಾಗ ಗಂಟಲಲ್ಲಿ ಚುಚ್ಚಿದಂತಾಗಿ ಎದ್ದು ನಿಂತ. ಹಣ್ಣಿನೊಳಗಿನ ಹುಳ ಕಚ್ಚಿರಬೇಕು ಎಂದುಕೊಂಡ. ನೀರು ಕುಡಿದರೆ ಉರಿ. ಆ ಬೇಸಿಗೆಯಲ್ಲಿ ನೋಡಿದ ವೈದ್ಯನೊಬ್ಬ, ನಿಮ್ಮ ಮನೆವೈದ್ಯರಿಗೆ ತೋರಿಸಿ ಎಂದ. ಮನೆವೈದ್ಯ ಯುರೋಪ್ ಪ್ರವಾಸದಲ್ಲಿದ್ದ. ಅವನು ಬರಲಿ ಎಂದು ಗ್ರಾಂಟ್ ಕಾದ. ಗಂಟಲು ತಜ್ಞ ಜಾನ್ ಡಗ್ಲಸ್ ಒಳಗೆ ನೋಡಿದಾಗ ಅಕ್ಟೋಬರ್ ಬಂದಿತ್ತು. ನಾಲಿಗೆಯ ಬುಡ, ಟಾನ್ಸಿಲಿನ ಬಳಿ ಗಡ್ಡೆ, ದವಡೆಯ ಮೂಲೆಯಲ್ಲಿ ಊದಿದ ಗ್ರಂಥಿ. ಸೈನ್ಯ ನಡೆಸಿದವನು ಕೊನೆಯಲ್ಲಿ ಮಾತು ಹೋಗಿ ಚೀಟಿ ಬರೆದು ತೋರಿಸುತ್ತಿದ್ದ. ಆ ನೋವಿನಲ್ಲೇ ಆತ್ಮಕತೆ ಬರೆದು ಮುಗಿಸಿ 1885ರ ಜುಲೈ 23ರಂದು ತೀರಿಕೊಂಡ.

ಎರಡನೆಯವರು ನಮ್ಮ ಮನೆಮನೆಗೂ ಗೊತ್ತಿರುವವರು. 1885ರ ಬೇಸಿಗೆಯಲ್ಲಿ ದಕ್ಷಿಣೇಶ್ವರದ ಶ್ರೀ ರಾಮಕೃಷ್ಣರಿಗೆ ಗಂಟಲು ನೋವು ಶುರುವಾಯಿತು. ಬಂದವರೊಂದಿಗೆ ಇಡೀ ದಿನ ಮಾತು, ಹಾಡು, ಭಾವಾವೇಶ. ಇಷ್ಟು ಮಾತಾಡಿದರೆ ಗಂಟಲು ನೋಯದೆ ಇರುತ್ತದೆಯೇ? ವೈದ್ಯರು ಮೊದಲು ಹೇಳಿದ್ದೂ ಅದನ್ನೇ. ಚರ್ಚಿನಲ್ಲಿ ಪ್ರವಚನ ಮಾಡುವವರಿಗೆ ಬರುವ ‘ಪಾದ್ರಿಗಳ ಗಂಟಲು ನೋವು’ ಎಂಬ ಕಾಯಿಲೆ ಆಗಿನ ವೈದ್ಯಪುಸ್ತಕಗಳಲ್ಲಿತ್ತು. ಇದೂ ಅದೇ, ಮಾತು ಕಡಿಮೆ ಮಾಡಿ ಎಂದರು. ಮಾತು ನಿಲ್ಲಲಿಲ್ಲ. ಕೆಲವು ತಿಂಗಳಲ್ಲಿ ಗಂಟಲಿನಿಂದ ರಕ್ತ ಬಂತು. ಚಿಕಿತ್ಸೆಗೆ ಅನುಕೂಲವಾಗಲೆಂದು ಶಿಷ್ಯರು ಅವರನ್ನು ಕಲ್ಕತ್ತೆಯ ಶ್ಯಾಮಪುಕುರಕ್ಕೆ, ಅಲ್ಲಿಂದ ಡಿಸೆಂಬರಿನಲ್ಲಿ ಕಾಶೀಪುರದ ತೋಟದ ಮನೆಗೆ ಕರೆತಂದರು. ನೋಡಿಕೊಂಡ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಸಾಮಾನ್ಯರಲ್ಲ. ಮುಂದೆ ಸಿ.ವಿ. ರಾಮನ್ ತಮ್ಮ ಸಂಶೋಧನೆ ನಡೆಸಿದ ವಿಜ್ಞಾನ ಸಂಸ್ಥೆಯನ್ನು 1876ರಲ್ಲಿ ಕಟ್ಟಿದವರು ಅವರೇ. ರೋಗ ಕ್ಯಾನ್ಸರ್ ಎಂದು ತಿಳಿದ ಮೇಲೆ ಯಾರ ಕೈಯಲ್ಲೂ ಏನೂ ಇರಲಿಲ್ಲ. ಗಂಜಿ ಕೂಡ ಇಳಿಯದ ಸ್ಥಿತಿ ತಲುಪಿ 1886ರ ಆಗಸ್ಟ್ 16ರಂದು ರಾಮಕೃಷ್ಣರು ದೇಹ ಬಿಟ್ಟರು. ಭಕ್ತರು ಆ ನೋವಿಗೆ ಬೇರೆ ಅರ್ಥಗಳನ್ನು ಕಂಡಿದ್ದಾರೆ. ಅದು ಅವರವರ ಶ್ರದ್ಧೆ. ರೋಗ ಗುರುತಿಸುವ ದೃಷ್ಟಿಯಿಂದ ನೋಡಿದರೆ ನನ್ನ ಮನಸ್ಸು ಮೊದಲ ಕೆಲವು ತಿಂಗಳಲ್ಲೇ ನಿಲ್ಲುತ್ತದೆ. ನೋವಿಗೆ ಒಪ್ಪುವಂಥ ಕಾರಣವೊಂದು ಎದುರಿಗೇ ಇತ್ತು; ಅದಕ್ಕೇ ಬೇರೆ ಕಾರಣವನ್ನು ಹುಡುಕುವುದು ತಡವಾಯಿತು.

ಮೂರನೆಯದು ಒಂದು ಸಾಮ್ರಾಜ್ಯದ ದಿಕ್ಕನ್ನೇ ತಿರುಗಿಸಿತು ಎನ್ನುವವರುಂಟು. ಪ್ರಷ್ಯಾದ ಯುವರಾಜ ಫ್ರೆಡರಿಕ್, ವಿಕ್ಟೋರಿಯಾ ರಾಣಿಯ ಅಳಿಯ, ಉದಾರ ಮನಸ್ಸಿನವನೆಂದು ಹೆಸರಾದವನು. 1887ರ ಜನವರಿಯಲ್ಲಿ ದನಿ ಒಡೆಯಿತು. ನೋವಿಲ್ಲ, ಜ್ವರವಿಲ್ಲ. ಶೀತ ಎಂದುಕೊಂಡರು. ಹೋಗಲಿಲ್ಲ. ಮಾರ್ಚಿನಲ್ಲಿ ಬರ್ಲಿನ್ನಿನ ಪ್ರೊಫೆಸರ್ ಕಾರ್ಲ್ ಗೆರ್ಹಾರ್ಟ್ ಕನ್ನಡಿ ಹಿಡಿದು ನೋಡಿದರೆ ಎಡ ಧ್ವನಿತಂತುವಿನ ಅಂಚಿನಲ್ಲಿ ಚಿಕ್ಕ ಗಂಟು. ತಂತಿಯ ಕುಣಿಕೆಯಿಂದ ಕೀಳಲು ನೋಡಿದ, ಆಗಲಿಲ್ಲ. ಕಾಯಿಸಿದ ಪ್ಲಾಟಿನಂ ತಂತಿಯಿಂದ ದಿನಾ ಸುಟ್ಟ. ಆಮೇಲೆ ಹವೆ ಬದಲಾವಣೆಗೆಂದು ಎಮ್ಸ್ ಎಂಬ ಊರಿಗೆ ಕಳಿಸಿದರು. ಮೇ ತಿಂಗಳಲ್ಲಿ ವಾಪಸು ಬಂದಾಗ ಗಂಟು ಮತ್ತೆ ಬೆಳೆದಿತ್ತು. ಎಡ ತಂತು ಸಲೀಸಾಗಿ ಚಲಿಸುತ್ತಿಲ್ಲ ಎಂಬುದೂ ಗೆರ್ಹಾರ್ಟನ ಕಣ್ಣಿಗೆ ಬಿತ್ತು. ಇದು ಕ್ಯಾನ್ಸರ್ ಎಂದು ಅವನೂ ಶಸ್ತ್ರವೈದ್ಯ ಅರ್ನ್ಸ್ಟ್ ಫಾನ್ ಬೆರ್ಗ್‌ಮನ್ನನೂ ತೀರ್ಮಾನಿಸಿ, ಕತ್ತನ್ನು ಮುಂದಿನಿಂದ ಕೊಯ್ದು ಗಂಟು ತೆಗೆಯುವುದೆಂದು ನಿಶ್ಚಯಿಸಿದರು.

ಅಷ್ಟರಲ್ಲಿ ಲಂಡನ್ನಿನಿಂದ ಮೊರೆಲ್ ಮೆಕೆಂಜಿಯನ್ನು ಕರೆಸಲಾಯಿತು. ಚೆರ್ಮಾಕ್‌ನ ಬಳಿಯೇ ಕನ್ನಡಿ ಹಿಡಿಯಲು ಕಲಿತು 1863ರಲ್ಲಿ ಗಂಟಲು ರೋಗಗಳಿಗೆಂದೇ ಲಂಡನ್ನಿನಲ್ಲಿ ಆಸ್ಪತ್ರೆ ತೆರೆದಿದ್ದವನು. ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಕ್ಯಾನ್ಸರ್ ಅನ್ನಬಾರದು ಎಂದು ಅವನು ಪಟ್ಟು ಹಿಡಿದ. ಇಂದಿನ ವೈದ್ಯರೂ ಹೇಳುವುದು ಇದನ್ನೇ. ಗಂಟಲೊಳಗಿನಿಂದಲೇ ಇಕ್ಕಳ ಹಾಕಿ ಚೂರು ತೆಗೆದ. ಅದು ಹೋದದ್ದು ಜೀವಕೋಶಗಳ ರೋಗಶಾಸ್ತ್ರವನ್ನೇ ಕಟ್ಟಿದ ರುಡಾಲ್ಫ್ ಫಿರ್ಖೋನ ಮೇಜಿಗೆ. ಕ್ಯಾನ್ಸರ್ ಕಾಣುವುದಿಲ್ಲ ಎಂದು ವರದಿ ಬಂತು. ಜೂನಿನಲ್ಲಿ ಇನ್ನೊಂದು ಚೂರು, ಅದೇ ಉತ್ತರ. ಫಿರ್ಖೋ ಎಚ್ಚರದ ಮನುಷ್ಯ. ತನಗೆ ಕೊಟ್ಟ ಚೂರಿನ ಬಗ್ಗೆ ಮಾತ್ರ ಹೇಳಬಲ್ಲೆ, ಇಡೀ ರೋಗದ ಬಗ್ಗೆ ಇದರಿಂದ ಖಚಿತವಾಗಿ ಹೇಳಲಾಗದು ಎಂಬ ಅರ್ಥದ ಮಾತನ್ನೂ ಸೇರಿಸಿದ್ದ. ಆ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಏನೂ ಇಲ್ಲವಂತೆ ಎಂಬಷ್ಟೇ ಎಲ್ಲರ ಕಿವಿಗೆ ಬಿತ್ತು.

ಶಸ್ತ್ರಚಿಕಿತ್ಸೆ ನಿಂತಿತು. ಫ್ರೆಡರಿಕ್ ಲಂಡನ್ನಿಗೆ ಹೋಗಿ ಅತ್ತೆ ಪಟ್ಟವೇರಿದ ಸುವರ್ಣ ಮಹೋತ್ಸವದ ಮೆರವಣಿಗೆಯಲ್ಲಿ ಕುದುರೆ ಏರಿ ಸಾಗಿದ. ಮೆಕೆಂಜಿಗೆ ಸರ್ ಪದವಿ ಬಂತು. ನವೆಂಬರಿನಲ್ಲಿ ಇಟಲಿಯ ಸಾನ್ ರೇಮೊದಲ್ಲಿದ್ದಾಗ ಧ್ವನಿತಂತುವಿನ ಕೆಳಗೆ ಹೊಸ ಗಡ್ಡೆ ಕಾಣಿಸಿಕೊಂಡಿತು. ಈ ಬಾರಿ ಸಂಶಯಕ್ಕೆ ಎಡೆಯಿರಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾದ ಬಿಲ್‌ರೋತ್ 1873ರ ಕೊನೆಯ ದಿನ ಮಾಡಿ ತೋರಿಸಿದ್ದರೂ ಅದರಿಂದ ಹೆಚ್ಚು ಕಾಲ ಬದುಕಿದವರು ವಿರಳ. ಫ್ರೆಡರಿಕ್ ಬೇಡವೆಂದ. 1888ರ ಫೆಬ್ರುವರಿಯಲ್ಲಿ ಉಸಿರಾಡಲಾಗದೆ ಕತ್ತಿಗೆ ತೂತು ಕೊರೆದು ಕೊಳವೆ ಇಟ್ಟರು. ಮಾರ್ಚಿನಲ್ಲಿ ತಂದೆ ಸತ್ತು ಚಕ್ರವರ್ತಿಯಾದಾಗ ಆತನಿಗೆ ದನಿಯೇ ಇರಲಿಲ್ಲ. ರಾಜಕಾರ್ಯವೆಲ್ಲ ಕಾಗದದ ಚೂರುಗಳ ಮೇಲೆ. ತೊಂಬತ್ತೊಂಬತ್ತು ದಿನ ಆಳಿ ಜೂನ್ 15ರಂದು ತೀರಿಕೊಂಡ. ಮಗ ಎರಡನೇ ವಿಲ್ಹೆಲ್ಮ್ ಪಟ್ಟಕ್ಕೆ ಬಂದ. ಮುಂದೆ ಮೊದಲ ಮಹಾಯುದ್ಧಕ್ಕೆ ಜರ್ಮನಿಯನ್ನು ಒಯ್ದವನು ಅವನೇ.

ಜರ್ಮನ್ ವೈದ್ಯರು ಮೆಕೆಂಜಿಯನ್ನು ಬೈದರು, ಮೆಕೆಂಜಿ ಪುಸ್ತಕ ಬರೆದು ಅವರನ್ನು ಬೈದ, ರೋಗಿಯ ಗುಟ್ಟು ಬಯಲು ಮಾಡಿದನೆಂದು ಲಂಡನ್ನಿನ ಶಸ್ತ್ರವೈದ್ಯರ ಕಾಲೇಜು ಅವನಿಗೆ ಛೀಮಾರಿ ಹಾಕಿತು. ಯಾರು ಸರಿ ಎಂಬ ವಾದಕ್ಕಿಂತ ಈ ಪ್ರಕರಣದಿಂದ ಉಳಿದುಬಂದ ಅರಿವು ದೊಡ್ಡದು. ಮೊದಲನೆಯದು: ನೋವಿಲ್ಲದ ಒಡಕು ದನಿ ವಾರಗಟ್ಟಲೆ ಹೋಗದಿದ್ದರೆ ಅದೇ ಸಾಕಷ್ಟು ದೊಡ್ಡ ಸೂಚನೆ. ಎರಡನೆಯದು: ತಂತುವಿನ ಚಲನೆ ಕುಂದುವುದು ಕೆಟ್ಟ ಲಕ್ಷಣ. ಇಂದಿಗೂ ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಹಂತ ನಿರ್ಧರಿಸುವಾಗ ತಂತು ಆಡುತ್ತಿದೆಯೇ, ಕುಂಟುತ್ತಿದೆಯೇ, ನಿಂತೇಹೋಗಿದೆಯೇ ಎಂದು ನೋಡುತ್ತಾರೆ. ಗೆರ್ಹಾರ್ಟ್ ಕಂಡದ್ದು ಅದನ್ನೇ. ಇನ್ನೊಂದು ಅರಿವು ನಮ್ಮ ಊರುಗಳಿಗೆ ತೀರಾ ಬೇಕಾದದ್ದು. ಬಯಾಪ್ಸಿ ಚೂರಿನಲ್ಲಿ ಏನೂ ಸಿಗಲಿಲ್ಲ ಎಂದರೆ ಆ ಚೂರಿನಲ್ಲಿ ಸಿಗಲಿಲ್ಲ ಎಂದಷ್ಟೇ. ತೊಂದರೆ ಮುಂದುವರಿದಿದ್ದರೆ ಮತ್ತೆ ತೆಗೆಸಬೇಕು, ಆಳದಿಂದ ತೆಗೆಸಬೇಕು. ‘ಪರೀಕ್ಷೆ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು’ ಎಂದು ನಿಶ್ಚಿಂತೆಯಿಂದ ಕುಳಿತವರು ಆರು ತಿಂಗಳ ಮೇಲೆ ಉಸಿರು ಕಟ್ಟಿಕೊಂಡು ಬರುವುದು ಫ್ರೆಡರಿಕ್‌ನ ಕಾಲಕ್ಕೆ ಮುಗಿದುಹೋದ ಸಂಗತಿಯಲ್ಲ.

ಮುಂದಿನ ದಶಕಗಳಲ್ಲಿ ನೋಡುವ ಉಪಕರಣ ಸುಧಾರಿಸುತ್ತ ಹೋಯಿತು. 1895ರಲ್ಲಿ ಬರ್ಲಿನ್ನಿನ ಆಲ್ಫ್ರೆಡ್ ಕಿರ್‌ಸ್ಟೈನ್ ಕನ್ನಡಿಯೇ ಇಲ್ಲದೆ ನೇರವಾಗಿ ಧ್ವನಿಪೆಟ್ಟಿಗೆಯನ್ನು ನೋಡಿದ. 1968ರಲ್ಲಿ ಜಪಾನಿನ ಸವಾಶಿಮಾ ಮತ್ತು ಹಿರೋಸೆ ಗಾಜಿನ ಎಳೆಗಳ ಬಾಗುವ ಕೊಳವೆಯನ್ನು ಮೂಗಿನಿಂದ ಇಳಿಸಿ, ರೋಗಿ ಮಾತಾಡುತ್ತಿರುವಾಗಲೇ ತಂತುಗಳನ್ನು ನೋಡುವ ದಾರಿ ತೋರಿಸಿದರು. ಈಗ ಇಎನ್‌ಟಿ ವಿಭಾಗಗಳಲ್ಲಿ ಮೂಗಿನಿಂದ ಕ್ಯಾಮೆರಾ ಬಿಟ್ಟು ಪರದೆಯ ಮೇಲೆ ತೋರಿಸುವುದು ಅದರ ಮುಂದುವರಿಕೆ. ಮರಗಟ್ಟಿಸುವ ಔಷಧಿ ಮೂಗಿಗೆ ಸಿಂಪಡಿಸಿ ಮಾಡುವ, ಕೆಲವೇ ನಿಮಿಷದ ಕೆಲಸ.

ಸೂಚನೆಗಳ ಪಟ್ಟಿಗೆ ಬೇರೆ ದಿಕ್ಕಿನಿಂದಲೂ ಹೊಸ ಅರಿವು ಸೇರಿತು. ಗಂಟಲ ಕ್ಯಾನ್ಸರಿನವರು ಕಿವಿನೋವು ಎಂದು ಬರುವುದು ವೈದ್ಯರನ್ನು ಕಾಡಿದ ಒಗಟು. ಕಿವಿ ನೋಡಿದರೆ ಶುದ್ಧ, ಸೋರಿಕೆಯಿಲ್ಲ, ತಮಟೆ ಸರಿಯಿದೆ. ಕಾರಣ ನರಗಳಲ್ಲಿದೆ. ಮೆದುಳಿನಿಂದ ಬರುವ ಒಂಬತ್ತನೇ ಮತ್ತು ಹತ್ತನೇ ನರಗಳು ಗಂಟಲಿಗೂ ಕೊಂಬೆ ಕೊಡುತ್ತವೆ, ಕಿವಿಗೂ ಕೊಡುತ್ತವೆ. ಗಂಟಲಿನಲ್ಲಿ ಎದ್ದ ನೋವನ್ನು ಮೆದುಳು ಕಿವಿಯದೆಂದು ಓದುತ್ತದೆ. ನಡುವಯಸ್ಸು ದಾಟಿದವರಿಗೆ ಒಂದೇ ಕಡೆ ಕಿವಿನೋವು ಬಂದು ಕಿವಿಯಲ್ಲಿ ಏನೂ ಇಲ್ಲವೆಂದರೆ ಗಂಟಲನ್ನು ನೋಡಲೇಬೇಕು. ಕಿವಿಗೆ ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆಯುವುದು ಇಲ್ಲಿ ದುಬಾರಿಯಾಗುತ್ತದೆ.

1919ರಲ್ಲಿ ಕಾರ್ಡಿಫಿನ ಪ್ಯಾಟರ್ಸನ್, ಗ್ಲ್ಯಾಸ್ಗೋದ ಬ್ರೌನ್ ಕೆಲ್ಲಿ ಎಂಬಿಬ್ಬರು ಬರೆದದ್ದು ಹೆಂಗಸರ ಬಗ್ಗೆ. ರಕ್ತಹೀನತೆಯಿಂದ ಬಿಳಿಚಿಕೊಂಡ, ನುಣುಪಾದ ನಾಲಿಗೆಯ, ಗಟ್ಟಿ ಆಹಾರ ನುಂಗಲಾರದ ಹೆಂಗಸರು ವರ್ಷಗಟ್ಟಲೆ ಹಾಗೇ ಇರುತ್ತಾರೆ. ಅವರಲ್ಲಿ ಕೆಲವರಿಗೆ ಧ್ವನಿಪೆಟ್ಟಿಗೆಯ ಹಿಂದೆ, ಅನ್ನನಾಳ ಶುರುವಾಗುವಲ್ಲಿ ಕ್ಯಾನ್ಸರ್ ಬರುತ್ತದೆ ಎಂಬುದು ನಿಧಾನವಾಗಿ ಗೊತ್ತಾಯಿತು. ಕಬ್ಬಿಣಾಂಶದ ಕೊರತೆ ಅಲ್ಲಿನ ಒಳಪೊರೆಯನ್ನೇ ತೆಳುವಾಗಿಸಿ ಕೆಡಿಸುತ್ತದೆ. ಈ ವಿಷಯವನ್ನು ನಾನು ಒತ್ತಿ ಹೇಳಲು ಕಾರಣವಿದೆ. ರಕ್ತ ಕಡಿಮೆ ಇರುವ ಹೆಂಗಸು ನಮ್ಮಲ್ಲಿ ಯಾವ ಊರಲ್ಲಿಲ್ಲ? ಮುದ್ದೆ ಇಳಿಯುವುದಿಲ್ಲವೆಂದು ಮಜ್ಜಿಗೆಯಲ್ಲಿ ಕಲಸಿಕೊಂಡು ಕುಡಿಯುವ, ಎಲ್ಲರ ಊಟ ಮುಗಿದ ಮೇಲೆ ಕೂರುವುದರಿಂದ ಯಾರ ಕಣ್ಣಿಗೂ ಬೀಳದ ಅಮ್ಮಂದಿರಿದ್ದಾರೆ. ಅವರು ಬೀಡಿ ಸೇದುವವರಲ್ಲ, ಹಾಗಾಗಿ ಅವರಿಗೆ ಇಂಥ ರೋಗ ಬರಬಹುದೆಂದು ಮನೆಯವರಿಗೆ ಹೊಳೆಯುವುದಿಲ್ಲ.

ಬೀಡಿಯ ಕತೆ ಮುಂಬಯಿಯಲ್ಲಿ ಬಯಲಾಯಿತು. ಎಲ್.ಡಿ. ಸಾಂಘ್ವಿ, ಕೆ.ಸಿ.ಎಂ. ರಾವ್, ವಿ.ಆರ್. ಖಾನೋಲ್ಕರ್ ಅವರು ಅಲ್ಲಿನ ಕ್ಯಾನ್ಸರ್ ರೋಗಿಗಳ ಚಟಗಳನ್ನು ಕ್ಯಾನ್ಸರ್ ಇಲ್ಲದವರ ಚಟಗಳೊಂದಿಗೆ ಹೋಲಿಸಿ 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹೊಗೆಸೊಪ್ಪು ಅಗಿಯುವವರಿಗೆ ಬಾಯಿಯ ಮುಂಭಾಗದಲ್ಲಿ, ಸೇದುವವರಿಗೆ ನಾಲಿಗೆಯ ಬುಡ ಮತ್ತು ಗಂಟಲಿನಲ್ಲಿ ರೋಗ ಹೆಚ್ಚು ಎಂಬುದು ಅದರಲ್ಲಿ ಕಂಡ ಚಿತ್ರ. ಸಿಗರೇಟಿಗಿಂತ ಬೀಡಿ ಸೌಮ್ಯ ಎಂಬ ನಂಬಿಕೆಗೆ ಅಲ್ಲೇ ಪೆಟ್ಟು ಬೀಳಬೇಕಿತ್ತು, ಇನ್ನೂ ಬಿದ್ದಿಲ್ಲ. ತಂಬಾಕಿನ ಜೊತೆ ಮದ್ಯ ಸೇರಿದರೆ ಅಪಾಯ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವೇ ಆದ್ದರಿಂದ ಇದನ್ನು ಒಪ್ಪುವುದು ನಮಗೆ ಕಷ್ಟ. ಬೆಳೆಗಾರನ ಕಷ್ಟ ಬೇರೆ ಮಾತು, ಅದಕ್ಕೆ ಬೇರೆ ದಾರಿ ಹುಡುಕಬೇಕು. ಅಗಿಯುವವನ ಗಂಟಲಿಗೆ ಅದರಿಂದ ವಿನಾಯಿತಿ ಸಿಗುವುದಿಲ್ಲ.

ಸೇದದ, ಕುಡಿಯದ, ಅಗಿಯದವರಲ್ಲೂ ಗಂಟಲ ಕ್ಯಾನ್ಸರ್ ಕಾಣುವುದೇಕೆ? 2000ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮೌರಾ ಗಿಲಿಸನ್ ಮತ್ತು ಸಂಗಡಿಗರು 253 ಗಡ್ಡೆಗಳನ್ನು ಪರೀಕ್ಷಿಸಿದಾಗ ಕಾಲು ಭಾಗದಲ್ಲಿ ಎಚ್‌ಪಿವಿ ವೈರಾಣು ಸಿಕ್ಕಿತು, ಟಾನ್ಸಿಲಿನ ಗಡ್ಡೆಗಳಲ್ಲಿ ಹೆಚ್ಚಾಗಿ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವೆಂದು ಮೊದಲೇ ಗೊತ್ತಿದ್ದ ವೈರಾಣು ಇದು. ಈ ಬಗೆಯ ರೋಗಿಯ ಗಂಟಲಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಕ್ಷೌರ ಮಾಡಿಕೊಳ್ಳುವಾಗ ಕತ್ತಿನ ಪಕ್ಕ ಒಂದು ಗಂಟು ಕೈಗೆ ಸಿಗುತ್ತದೆ, ಅಷ್ಟೇ. ನಮ್ಮಲ್ಲಿ ಇಂದಿಗೂ ತಂಬಾಕೇ ದೊಡ್ಡ ಕಾರಣ. ಆದರೂ ‘ನನಗೆ ಯಾವ ಚಟವೂ ಇಲ್ಲ’ ಎಂಬುದು ಕತ್ತಿನ ಗಂಟನ್ನು ಕಡೆಗಣಿಸಲು ಕಾರಣವಾಗಬಾರದು.

ಇಷ್ಟೆಲ್ಲ ಗೊತ್ತಾದ ಮೇಲೂ ಒಂದು ಪ್ರಶ್ನೆ ತೀರಾ ಇತ್ತೀಚಿನವರೆಗೆ ಬಗೆಹರಿದಿರಲಿಲ್ಲ: ಎಷ್ಟು ದಿನ ಕಾಯಬಹುದು? ಶೀತದಿಂದ, ಕೂಗಾಟದಿಂದ ಕಟ್ಟಿದ ಗಂಟಲು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ದನಿ ಒಡೆದವರಲ್ಲಿ ಬಹುಪಾಲು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ, ಅದನ್ನೂ ಧೈರ್ಯವಾಗಿ ಹೇಳಬೇಕು. ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2009ರಲ್ಲಿ ಒಡಕು ದನಿಗೆ ಮಾರ್ಗಸೂಚಿ ಬರೆದಾಗ ಮೂರು ತಿಂಗಳೊಳಗೆ ಧ್ವನಿಪೆಟ್ಟಿಗೆ ನೋಡಿ ಎಂದಿತ್ತು. 2018ರಲ್ಲಿ ಅದನ್ನು ತಿದ್ದಿ ನಾಲ್ಕು ವಾರಕ್ಕೆ ಇಳಿಸಿತು. ತಂಬಾಕು ಸೇದುವವರಿಗೆ, ಕತ್ತಿನಲ್ಲಿ ಗಂಟಿರುವವರಿಗೆ ಅಷ್ಟೂ ಕಾಯಬೇಡಿ ಎಂದಿತು. ಬ್ರಿಟನ್ನಿನಲ್ಲಿ ಜನರಿಗೆ ಬಹುಕಾಲದಿಂದ ಹೇಳುತ್ತ ಬಂದದ್ದು ಮೂರು ವಾರ. ಗಾರ್ಸಿಯಾನ ಕನ್ನಡಿಯಿಂದ ಈ ಮೂರು ವಾರದ ಲೆಕ್ಕಕ್ಕೆ ಬರಲು ಒಂದೂವರೆ ಶತಮಾನ ಹಿಡಿಯಿತು. ಈ ಲೆಕ್ಕವನ್ನೇ ನಾನು ಈ ಕತೆಯ ದೊಡ್ಡ ಆವಿಷ್ಕಾರ ಎನ್ನುತ್ತೇನೆ, ಏಕೆಂದರೆ ಇದಕ್ಕೆ ಉಪಕರಣ ಬೇಡ, ಓದು ಬೇಡ. ದಿನ ಎಣಿಸಲು ಬಂದರೆ ಸಾಕು.

ನಮ್ಮಲ್ಲಿ ದಿನ ಎಣಿಸುವ ಬದಲು ಕಾರಣ ಹೇಳುತ್ತೇವೆ. ಮೇಷ್ಟ್ರಿಗೆ ಪಾಠ ಹೇಳಿ ಹೇಳಿ ಗಂಟಲು ಹೋಗಿದೆ. ಭಾಗವತರಿಗೆ ಮೇಳದ ತಿರುಗಾಟದಲ್ಲಿ ರಾತ್ರಿಯಿಡೀ ಪದ ಹೇಳಿ ದನಿ ಬಿದ್ದಿದೆ. ಸಂತೆಯಲ್ಲಿ ಕೂಗುವವನಿಗೆ, ಬಸ್ಸಿನ ಕಂಡಕ್ಟರಿಗೆ ಅದು ಇದ್ದದ್ದೇ. ಶುಂಠಿ ಕಷಾಯ, ಮೆಣಸು, ಜೇನು, ಜ್ಯೇಷ್ಠಮಧು, ಉಪ್ಪುನೀರು. ಇವುಗಳಲ್ಲಿ ತಪ್ಪೇನಿಲ್ಲ, ಮೊದಲ ವಾರ ನಾನೂ ಅದನ್ನೇ ಕುಡಿಯುತ್ತೇನೆ. ತಪ್ಪಿರುವುದು ಮೂರನೇ ತಿಂಗಳಲ್ಲೂ ಅದೇ ಲೋಟ ಹಿಡಿದು ಕೂರುವುದರಲ್ಲಿ. ದನಿಯಿಂದಲೇ ಅನ್ನ ತಿನ್ನುವವರು ಇನ್ನೂ ಬೇಗ ತೋರಿಸಿಕೊಳ್ಳಬೇಕು. ಅವರ ತಂತುಗಳಲ್ಲಿ ಗಾಯಕರ ಗಂಟು ಎಂಬ ನಿರಪಾಯದ ಗಂಟೂ ಇರಬಹುದು, ಅದೇನೆಂದು ಹೇಳಲು ನೋಡಲೇಬೇಕು. ಇನ್ನೊಂದು ಮಾತು. ರೋಗಿಗೆ ತನ್ನ ದನಿ ನಿಧಾನವಾಗಿ ಬದಲಾದದ್ದು ಎಷ್ಟೋ ಸಲ ತಿಳಿಯುವುದಿಲ್ಲ. ದೂರದ ಊರಿನಿಂದ ಫೋನು ಮಾಡುವ ಮಗಳು ‘ಅಪ್ಪಾ, ಯಾಕೆ ದನಿ ಹಿಂಗಾಗಿದೆ?’ ಎನ್ನುತ್ತಾಳೆ. ಶೀತ ಕಣಮ್ಮ ಎಂಬ ಉತ್ತರಕ್ಕೆ ಅವಳು ಸುಮ್ಮನಾಗಬಾರದು. ಮುಂದಿನ ವಾರವೂ ಕೇಳಬೇಕು, ಅದರ ಮುಂದಿನ ವಾರವೂ.

ನಿಮ್ಮ ಮನೆಯಲ್ಲಿ ಯಾರ ದನಿಯಾದರೂ ಮೂರು ವಾರದಿಂದ ಒಡೆದಿದ್ದರೆ, ನುಂಗುವಾಗ ಒಂದೇ ಬದಿ ನೋಯುತ್ತಿದ್ದರೆ, ಅನ್ನ ಇಳಿಯದೆ ತೂಕ ಕಳೆದುಕೊಳ್ಳುತ್ತಿದ್ದರೆ, ಕತ್ತಿನಲ್ಲಿ ಕರಗದ ಗಂಟಿದ್ದರೆ, ಕಫದಲ್ಲಿ ರಕ್ತ ಕಂಡಿದ್ದರೆ, ಜಿಲ್ಲಾ ಆಸ್ಪತ್ರೆಯ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗಕ್ಕೆ ಈ ವಾರವೇ ಕರೆದುಕೊಂಡು ಹೋಗಿ. ಉಸಿರೆಳೆಯುವಾಗ ಸದ್ದು ಬರುತ್ತಿದ್ದರೆ ವಾರವನ್ನೂ ಕಾಯಬೇಡಿ, ಇವತ್ತೇ ಹೋಗಿ. ‘ಗಂಟಲು ಸರಿಯಿಲ್ಲ’ ಎಂದಷ್ಟೇ ಹೇಳಿ ಮಾತ್ರೆ ಬರೆಸಿಕೊಂಡು ಬರಬೇಡಿ. ಎಷ್ಟು ವಾರದಿಂದ ಎಂದು ಹೇಳಿ, ಬೀಡಿ, ಹೊಗೆಸೊಪ್ಪು, ಕುಡಿತ ಇದ್ದರೆ ಮುಚ್ಚಿಡದೆ ಹೇಳಿ, ಧ್ವನಿತಂತುಗಳನ್ನು ನೋಡಿ ಎಂದು ಬಾಯಿ ಬಿಟ್ಟು ಕೇಳಿ.